ಸಮುದ್ರದ ದಂಡಿಗೂ ಲಟ್ಟಣಿಗಿ ಯಾಕ್ರಿ?

ನನ್ನ ಸೊಸಿ ಈ ಮೇ ತಿಂಗಳದಾಗ ಅಂಕೋಲಾಕ್ಕ ಬರಂಗಿಲ್ಲ ಅಂದಾಳ. ಈ ಸುದ್ದಿ ನಮ್ಮ ಓಣಿಗೂ ಬಳಗಕ್ಕೂ ಮುಟ್ಟೇದ ಅಂತ ನನಗ ಗೊತ್ತದ, ಯಾಕಂದ್ರ ಮೂರು ದಿವಸದಿಂದ ಫೋನಿನ ಮ್ಯಾಲೆ ಫೋನು. "ಏನ್ರಿ ವೈನಿ, ಈಗಿನ ಹುಡುಗ್ಯಾರಿಗೆ ಮಂದಿ ಬ್ಯಾಡಾಗ್ಯಾರ" ಅಂತ ಒಬ್ಬರು. "ಅತ್ತಿ ಆದಾಕಿ ನೀನರ ಎರಡು ಮಾತು ಹೇಳಬಾರದೇನ" ಅಂತ ಇನ್ನೊಬ್ಬರು. ಒಬ್ಬೊಬ್ಬರಿಗೆ ಹೇಳಕೋತ ಕೂಡೂದಕಿಂತ ಇಲ್ಲೇ ಬರದು ಬಿಡ್ತೀನಿ. ಅಕಿ ಅಂದದ್ದು ಸರಿ ಅದ. ಅಕಿ ಬ್ಯಾಡ ಅಂದದ್ದು ಆ ಮನಿ ಅಡಿಗಿಮನೀನ್ನ. ಅದನ್ನ ಮಾತ್ರ ಯಾರೂ ಕೇಳವಲ್ರಿ.

ಗೊತ್ತಿಲ್ಲದವರಿಗೆ ಹೇಳತೀನಿ. ನಮ್ಮ ಮಾವನವರು ಇದ್ದಾಗಿಂದ ನಡದು ಬಂದ ಪದ್ಧತಿ ಇದು. ಸಾಲಿ ಸೂಟಿ ಬಿದ್ದು ಮೇ ನಡುವ ಬಂತಂದ್ರ ಆರು ದಿವಸ ಅಂಕೋಲಾ ಹತ್ರ ಸಮುದ್ರದ ದಂಡಿ ಮ್ಯಾಲೆ ಒಂದು ಹಂಚಿನ ಮನಿ ಬಾಡಿಗಿ ಹಿಡಿಯೋದು. ಎರಡು ಖೋಲಿ, ಮುಂದ ಒಂದು ಪಡಸಾಲಿ, ನಾಕು ತೆಂಗಿನ ಗಿಡಾ, ಅದರಾಚೆ ಉಸುಕು, ಅದರಾಚೆ ನೀರು. ನಮ್ಮ ಅತ್ತಿಯವರಿಗೆ ಈಗ 84. ಅವರಿಂದ ಹಿಡದು ನನ್ನ ನಾದಿನಿ ಮೊಮ್ಮಗನ ತನಕ 17 ಮಂದಿ. ಧಾರವಾಡದಿಂದ ಟೆಂಪೋ ಮಾಡಿಕೊಂಡು ಕಲಘಟಗಿ, ಯಲ್ಲಾಪುರ ದಾಟಿ ಅರಬೈಲ್ ಘಾಟ ಇಳಿಯೋದು. ನಮ್ಮ ಸೋಮೇಶ್ವರದಾಗ ಹುಟ್ಟೋ ಶಾಲ್ಮಲಾನೂ ಹಂಗ ಹೋಗ್ತಾಳ, ಮುಂದ ಬೇಡ್ತಿಗೆ ಕೂಡಿ, ಮಾಗೋಡಿನಾಗ ಧುಮುಕಿ, ಗಂಗಾವಳಿ ಅನ್ನೋ ಹೆಸರಿಲೆ ಅಂಕೋಲಾ ಸೀಮ್ಯಾಗ ಸಮುದ್ರ ಸೇರತಾಳ. ಅಕಿ ಏನೂ ಹೊತಗೊಂಡು ಹೋಗೂದಿಲ್ಲ. ನಾವು 20 ಕಿಲೋ ಗೋಧಿ ಹಿಟ್ಟು, ಎರಡು ಸಿಲಿಂಡರು, ದೊಡ್ಡ ಹಂಚು, ಎರಡು ಲಟ್ಟಣಿಗಿ, ಕುಕ್ಕರು, ಎಣ್ಣಿ ಡಬ್ಬಿ, ಐದು ನಮೂನಿ ಚಟ್ನಿಪುಡಿ ಹೊತಗೊಂಡು ಹೋಗ್ತೀವಿ.

ಲೆಕ್ಕಾ ಕೇಳ್ರಿ. 17 ಮಂದಿ, ಒಬ್ಬರಿಗೆ ಊಟಕ್ಕ ಮೂರು ಚಪಾತಿ ಹಿಡದರ ಒಂದು ಹೊತ್ತಿಗೆ 51. ಎರಡು ಹೊತ್ತಿಗೆ 102. ಆರು ದಿವಸಕ್ಕ 612. ಚಹಾ ಕುಡಿಯೋರು 12 ಮಂದಿ, ದಿನಕ್ಕ ಮೂರು ಸಲ, ಅದು 216 ಕಪ್ಪು. ಮುಂಜಾನಿ ಉಪ್ಪಿಟ್ಟು, ಅವಲಕ್ಕಿ, ಸಂಜಿಕ ಹುಡುಗ್ರ ಚುರುಮರಿ ಇದರಾಗ ಹಿಡದಿಲ್ಲ. ಬಾವಿ ನೀರು ಸವಳು, ಬ್ಯಾಳಿ ಬೇಯಂಗಿಲ್ಲ, ಸೀ ನೀರು ಕೊಡದಲೆ ತರಬೇಕು. ಮತ್ತ ಮೇ ತಿಂಗಳದ ಆ ಕರಾವಳಿ ಧಗಿ! ಧಾರವಾಡದ ಬಿಸಲಿಗೆ ಬೆವರು ಆರಿ ಹೋಗ್ತದ, ಅಲ್ಲಿ ಬೆವರು ಮೈಮ್ಯಾಲೆ ಕೂತು ಬಿಡ್ತದ. ಹಂಚಿನ ಮುಂದ ನಿಂತು 51 ಬಡಿಯೋದರಾಗ ಕುಪ್ಪಸ ಹಿಂಡಬೇಕು. ಇದಕ್ಕ ನಮ್ಮ ಮನ್ಯಾಗ ಸೂಟಿ ಅಂತಾರ.

ಸಮುದ್ರ ಎದುರಿಗೇ ಅದ, ನೀವು ಹೋಗಬ್ಯಾಡ್ರಿ ಅಂದವರ್ಯಾರು ಅಂತ ನಮ್ಮನಿಯವರು ಕೇಳ್ತಾರ. ಯಾರೂ ಅಂದಿಲ್ಲ. ಖರೇ. ಆದರ ಸಮುದ್ರ ನಮ್ಮ ಅಡಿಗಿ ಟೈಮಿಗೆ ಕಾಯಂಗಿಲ್ಲಲ್ಲಾ. ನೀರು ದಿನಾ ಎರಡು ಸಲ ಏರತದ, ಎರಡು ಸಲ ಇಳೀತದ, ಮತ್ತ ದಿನಾ ಸುಮಾರು 50 ನಿಮಿಷ ತಡಾ ಆಗಕೋತ ಹೋಗ್ತದ. ಹ್ವಾದ ಸಲ ನಾವು ಮುಟ್ಟಿದ ಮರುದಿನ ಮುಂಜಾನೆ 7ಕ್ಕ ನೀರು ಪೂರಾ ಇಳದಿತ್ತು. ಬಂಡಿಗಲ್ಲು ಎಲ್ಲಾ ತೆರದು, ಹುಡುಗ್ರು ಏಡಿ, ಚಿಪ್ಪು ಹುಡಕಲಿಕ್ಕೆ ಓಡಿದ್ರು. 7ಕ್ಕ ನಮ್ಮ ಕೈಯಾಗ ಚಹಾದ ಪಾತೇಲಿ. ಮರುದಿನ 8ಕ್ಕ ಸರೀತು, ನಾವು ಉಪ್ಪಿಟ್ಟು ತಿರುವ್ತಿದ್ವಿ. ಅದರ ಮರುದಿನ 9ರ ಸುಮಾರು, ಆಗ ಭಾಂಡಿ ತಿಕ್ಕೋ ಹೊತ್ತು. ಆಮ್ಯಾಲೆ ಹಿಟ್ಟು ನಾದೋ ಹೊತ್ತು, ಆಮ್ಯಾಲೆ ಹಂಚು ಇಡೋ ಹೊತ್ತು. ಸಮುದ್ರ ಸರಕೋತ ಬಂತು, ನಾವೂ ಅದರ ಸಂಗತೀನ ಒಂದು ಕೆಲಸದಿಂದ ಇನ್ನೊಂದಕ್ಕ ಸರಕೋತ ಹೋದ್ವಿ. ದಿನದ ಇನ್ನೊಂದು ಇಳಿತ ಕತ್ತಲಾದ ಮ್ಯಾಲೆ. 29 ವರ್ಷದಾಗ ನಾ ಮೊಣಕಾಲ ತನಕ ನೀರಿಗೆ ಇಳದದ್ದು ಎರಡು ಕೈ ಬೆರಳಿನಾಗ ಮುಗೀತದ.

ಇನ್ನೊಂದು ಮಾತು, ಹೆಣಮಕ್ಕಳ ಓದ್ತೀರಂತ ಬರೀತೀನಿ. ತಾರೀಖು ಯಾವಾಗಲೂ ಗಂಡಸರ ಆಫೀಸು, ಹುಡುಗ್ರ ಪರೀಕ್ಷಾ ನೋಡಿ ಇಡ್ತಾರ. ಒಬ್ಬಾಕಿ ಕಡೀಗಾದ್ಲಂದ್ರ ಅಕಿ ಪಾಲಿನ ಕೆಲಸಾ ಉಳದವರ ಮ್ಯಾಲೆ. ಅದಕ್ಕಂತ ಗುಳಿಗಿ ನುಂಗಿ ಟೆಂಪೋ ಹತ್ತಿದವರು ನಮ್ಮನ್ಯಾಗ ಅದಾರ. ನಿಮ್ಮನ್ಯಾಗ ಇಲ್ಲ ಅಂತ ಹೇಳ್ರಿ ನೋಡೋಣ.

"ನಾವು ಮಾಡಿಲ್ಲೇನು?" ಇದು ನಮ್ಮ ಅತ್ತಿಯವರ ಮಾತು, ನಮ್ಮ ದೊಡ್ಡ ನೆಗೆಣ್ಣಿ ಮಾತೂ ಹೌದು. ಮಾಡ್ಯಾರ. ಕಟಗಿ ಒಲಿ ಊದಿ ಮಾಡ್ಯಾರ, ಅವರ ಕೈಗೆ ನಾ ನಮಸ್ಕಾರ ಮಾಡ್ತೀನಿ. ಆದರ ಅತ್ತಿಯವರನ್ನ ಒಮ್ಮೆ ಸಮುದ್ರದ ಬಗ್ಗೆ ಕೇಳಿ ನೋಡ್ರಿ. ಯಾವ ವರ್ಷ ಹಿಟ್ಟು ಮುಗ್ಗಿತ್ತು, ಯಾವ ವರ್ಷ ಯಾರಿಗೆ ಹೊಟ್ಟಿ ಕೆಟ್ಟಿತ್ತು, ಯಾವ ವರ್ಷ ಬೆಕ್ಕು ಹಾಲಿಗೆ ಬಾಯಿ ಹಾಕಿತ್ತು, ಇಷ್ಟ ನೆನಪದಾವ. ಮಾವನವರ ಹತ್ರ ಎಂಥೆಂಥಾ ಕಥಿ ಇದ್ವು! 1930ರಾಗ ಇದ ಅಂಕೋಲಾದಾಗ ಉಪ್ಪಿನ ಸತ್ಯಾಗ್ರಹ ಆದದ್ದು, ನಮ್ಮ ಸಮುದ್ರದ ಉಪ್ಪಿಗೆ ನಾವ್ಯಾಕ ಕರ ಕೊಡಬೇಕು ಅಂತ ಜನಾ ಎದ್ದು ನಿಂತದ್ದು, ಎಲ್ಲಾ ಪ್ರತಿ ವರ್ಷ ಹುಡುಗ್ರನ್ನ ಉಸುಕಿನ್ಯಾಗ ಕೂಡಿಸಿಕೊಂಡು ಹೇಳ್ತಿದ್ರು. ಭಾಳ ಛಂದ ಹೇಳ್ತಿದ್ರು. ಸಂಜಿಕ ಗಾಳಿ ಈ ಕಡೆ ಬೀಸಿದಾಗ ನನಗೂ ಅರ್ಧಾ ಕೇಳಸ್ತಿತ್ತು, ಹಿಟ್ಟು ನಾದಕೋತ. ಹಿರ್ಯಾರು ಕಷ್ಟ ಪಟ್ಟದ್ದನ್ನ ಕಿರ್ಯಾರೂ ಪಡಬೇಕು ಅನ್ನೋದಾಗಿದ್ರ ನಾವೂ ಕಟಗಿ ಒಲೀನ ಒಯ್ಯಬೇಕಾಗಿತ್ತು. ಸಿಲಿಂಡರು ಬಂದಾಗ ಯಾರೂ ಪದ್ಧತಿ ಕೆಡ್ತದ ಅನ್ನಲಿಲ್ಲ.

ಗಂಡಸರು ಸಹಾಯ ಮಾಡ್ತೀವಿ ಅಂತಾರ. ಹ್ವಾದ ವರ್ಷ ಒಂದಿನ ನಮ್ಮ ಮೈದುನಂದಿರು ಮಿರ್ಚಿ ಮಾಡಿದ್ರು. ಮೂರು ತಾಸು. ಒಬ್ಬವ ಹಿಟ್ಟು ಕಲಸ್ಯಾನ, ಒಬ್ಬವ ಕರದಾನ, ಒಬ್ಬವ ಫೋಟೋ ತಗದಾನ. "ಕಡ್ಲಿ ಹಿಟ್ಟೆಲ್ಲಿ, ಜಾರಿ ಎಲ್ಲಿ, ಸ್ವಾಡಾ ಎಲ್ಲಿ" ಅಂತ ನಾವು ನಾಕೂ ಮಂದಿ ಅಲ್ಲೇ ನಿಂತಿದ್ವಿ. ಎಣ್ಣಿ ಬಾಣಲಿ ತಿಕ್ಕಿದಾಕಿ ಯಾರು ಅಂತ ಫೋಟೋದಾಗಿಲ್ಲ. ಮಿರ್ಚಿ ರುಚಿ ಆಗಿದ್ವು, ಸುಳ್ಳು ಹೇಳಂಗಿಲ್ಲ.

ಇನ್ನ ಹೊರಗಿನ ಊಟಾ ಹೊಟ್ಟಿಗೆ ಆಗಂಗಿಲ್ಲ ಅನ್ನೋ ಮಾತು. ಇದಕ್ಕ ನನಗ ನಗಿ ಬರ್ತದ. ಇಷ್ಟು ವರ್ಷ ಕರಾವಳಿಗೆ ಹೋಗಿ ನಾವು ತಿಂದದ್ದು ಧಾರವಾಡದ ಚಪಾತಿ, ಧಾರವಾಡದ ಝುಣಕಾ. ಅಲ್ಲಿ ಮಂದಿ ಆ ಧಗಿಗೆ ಕುಚಲಕ್ಕಿ ಗಂಜಿ, ತಂಬುಳಿ, ಮುರುಗಲ ಹಣ್ಣಿನ ಪಾನಕ ಕುಡದು ತಣ್ಣಗಿರ್ತಾರ. ಅಂಕೋಲಾದ ಕರಿ ಇಷಾಡ ಮಾವಿನ ಹಣ್ಣಿಗೆ 2023ರಾಗ ಜಿಐ ಮಾನ್ಯತಾ ಸಿಕ್ಕದ, ಸಿಪ್ಪಿ ತೆಳ್ಳಗ, ತಿರಳು ಅಷ್ಟ ರಸಾ. ಮೇ ತಿಂಗಳದಾಗ ಹಾಲಕ್ಕಿ ಹೆಣಮಕ್ಕಳು ಬುಟ್ಟಿ ತುಂಬ ಮಾರಲಿಕ್ಕೆ ಕೂತಿರ್ತಾರ. ನಾವು ಅದನ್ನೂ ತಂದು ಸೀಕರಣಿ ಮಾಡಿ ಚಪಾತಿಗೆ ಹಚ್ಚಿಕೊಂಡು ತಿಂತೀವಿ! ಅಂದ್ರ ಅವತ್ತ ಚಪಾತಿ ಇನ್ನೂ ಹತ್ತು ಹೆಚ್ಚಿಗಿ.

ಖರ್ಚಿನ ಮಾತಿಗೆ ಬರೋಣ, ಕಡೀಕ ಎಲ್ಲಾರೂ ಅಲ್ಲೇ ಬರ್ತಾರ. ಆ ಮನಿ ಹಿಂದಿನ ಓಣ್ಯಾಗ ಒಬ್ಬ ಹೆಣಮಗಳು ಹೊರಗಿನವರಿಗೆ ಊಟಾ ಮಾಡಿ ಕೊಡ್ತಾಳ. ನಾ ಫೋನ್ ಮಾಡಿ ಕೇಳೀನಿ. ಒಂದು ಊಟಕ್ಕ 120 ರೂಪಾಯಿ. 17 ಮಂದಿಗೆ 2,040. ಆರು ದಿವಸದ 12 ಹೊತ್ತಿಗೆ 24,480. ನಾಕು ಮನಿಗೆ ಹಂಚಿದರ ಮನಿಗೆ 6,120, ಅದರಾಗ ಹಿಟ್ಟು, ಎಣ್ಣಿ, ಗ್ಯಾಸಿನ ರೊಕ್ಕ ಉಳೀತದ. ಹ್ವಾದ ವರ್ಷ ಟೆಂಪೋದಾಗ ಎ.ಸಿ. ಇರ್ಲಿ ಅಂತ ಹೆಚ್ಚಿಗಿ ಕೊಟ್ರಲ್ಲಾ, ಆಗ ಯಾರೂ ಲೆಕ್ಕಾ ಕೇಳಲಿಲ್ಲ. ನಿಮ್ಮ ಕೆಲಸಾ ಇನ್ನೊಬ್ಬ ಹೆಣಮಗಳ ಹೆಗಲಿಗೆ ಹಾಕ್ತೀರಲ್ಲಾ ಅಂತ ನಮ್ಮ ನಾದಿನಿ ಕೇಳಿದ್ಲು. ಒಳ್ಳೆ ಪ್ರಶ್ನೆ. ಆದರ ಅಕಿ ತನ್ನ ಮನ್ಯಾಗ, ತನ್ನ ಒಲಿ ಮ್ಯಾಲೆ, ತಾನ ಹೇಳಿದ ರೇಟಿಗೆ ಮಾಡ್ತಾಳ. ನಮಗ ಯಾರರ ರೇಟು ಕೇಳಿದ್ರೇನು? ಅಕಿ ಹೇಳಿದ್ದರಾಗ ಒಂದು ರೂಪಾಯಿ ಕಡಿಮಿ ಮಾಡ್ರಿ ಅಂತ ನಾ ಅಂದಿಲ್ಲ, ಯಾರಿಗೂ ಅನ್ನಲಿಕ್ಕೆ ಬಿಡಂಗಿಲ್ಲ.

ಇದನ್ನೆಲ್ಲಾ ಕೇಳಿ ನನ್ನ ಮಗಾ "ಹಂಗಾದ್ರ ರಿಸಾರ್ಟ್ ಬುಕ್ ಮಾಡೋಣ ಬಿಡವ್ವಾ, ಯಾರಿಗೆ ಬೇಕು ಈ ರಾದ್ಧಾಂತ" ಅಂದಾ. ಅದಕ್ಕ ನಂದು ಇನ್ನೂ ಜೋರು ಇಲ್ಲ. ರಿಸಾರ್ಟಿನ್ಯಾಗ ಒಂದೊಂದು ಖೋಲ್ಯಾಗ ಇಬ್ಬಿಬ್ಬರು, ಬಾಗಲಾ ಹಾಕಿದ್ರ ಮುಗೀತು. ಪಡಸಾಲ್ಯಾಗ ಉದ್ದಕ ಹಾಸಿಗಿ ಹಾಸಿ ಒಂಬತ್ತು ಹುಡುಗ್ರು ಒಬ್ಬರ ಮ್ಯಾಲೆ ಒಬ್ಬರು ಕಾಲು ಹಾಕಿ ಮಲಗೋದು, ಅವರ ನಡುವ ಅತ್ತಿಯವರು ಕೂತು ತಮ್ಮ ತವರುಮನಿ ಸುದ್ದಿ ಹೇಳೋದು, ರಾತ್ರಿ ತೆರಿ ಸಪ್ಪಳಕ್ಕ ಸಣ್ಣವು ಅಂಜಿ ಅವರ ಸೆರಗು ಹಿಡಿಯೋದು, ಇದು ಅಲ್ಲಿ ಸಿಗಂಗಿಲ್ಲ. 84 ಆದವರಿಗೆ ಇನ್ನ ಎಷ್ಟು ಮೇ ತಿಂಗಳಾ? ಹೋಗೂದು ಬಿಡೋ ಮಾತು ನಾ ಆಡಿಲ್ಲ. ನನ್ನ ಸೊಸೀನೂ ಆಡಿಲ್ಲ. ಬೆಂಗಳೂರಾಗ ನೌಕರಿ ಮಾಡೋ ಹುಡುಗಿ, ಇದ್ದ ನಾಕು ರಜಾ ಕೂಡಿಸಿ ಇಟಗೊಂಡು ಬರಬೇಕು, ಬಂದು ಭಾಂಡಿ ತಿಕ್ಕಬೇಕು ಅಂದ್ರ ಯಾಕ ಬಂದಾಳು?

ಅದಕ್ಕ ಈ ಸಲ ಹಿಂಗದ. ಊಟದ ಆರ್ಡರು ನಾ ಕೊಟ್ಟೀನಿ, ಮುಂಗಡಾ 5,000 ಕಳಿಸೀನಿ. ಸಿಲಿಂಡರು ಒಂದ, ಚಹಾಕ್ಕ ಮತ್ತ ಅತ್ತಿಯವರ ರಾತ್ರಿ ಬಿಸಿ ಹಾಲಿಗೆ. ಮುಂಜಾನಿ ಚಹಾ ನಮ್ಮನಿಯವರು ಮತ್ತ ಮೈದುನಂದಿರು ಪಾಳಿ ಮ್ಯಾಲೆ ಮಾಡ್ತಾರ, ಪಾಳಿ ಚೀಟಿ ಬರದು ಫ್ರಿಜ್ಜಿಗೆ ಹಚ್ಚೀನಿ, ಇನ್ನೂ ಯಾರೂ ಹರದಿಲ್ಲ. ಲಟ್ಟಣಿಗಿ ಯಾವುದೂ ಟೆಂಪೋ ಹತ್ತಂಗಿಲ್ಲ. ದೊಡ್ಡ ನೆಗೆಣ್ಣಿ ಒಂದು ಸಣ್ಣದು ಬ್ಯಾಗಿನ್ಯಾಗ ಮುಚ್ಚಿ ತರ್ತಾಳ ಅಂತ ನನಗ ಸಂಶೇ ಅದ, ಅಕಿ ಬ್ಯಾಗ್ ನಾ ಕಲಘಟಗ್ಯಾಗ ಚಹಾಕ್ಕ ನಿಂತಾಗ ತಗದು ನೋಡಾಕಿ. ಸೊಸಿಗೆ ಮೊನ್ನೆ ಫೋನ್ ಮಾಡಿ ಎಲ್ಲಾ ಹೇಳಿದೆ. "ಪಾಳಿ ಚೀಟಿ ಫೋಟೋ ಕಳಸ್ರಿ ಅತ್ತಿ, ನೋಡಿ ಹೇಳತೀನಿ" ಅಂದ್ಲು. ಕಳಿಸೀನಿ.