ಸೊಪ್ಪು ನಮ್ಮದು, ನೆಲ ಯಾರದು?

ಸಂಘದ ಸಭೆಗಳಿಗೆ ಹೋದಾಗಲೆಲ್ಲ ಒಂದು ಉಪದೇಶ ಕಿವಿಗೆ ಬೀಳುತ್ತದೆ: "ಹೆಂಗಸರೇ ನಡೆಸುವ ಮನೆಗಳ ಬಡತನ ಹೋಗಬೇಕಾದರೆ ಅವರಿಗೆ ತರಕಾರಿ ಬೆಳೆಯುವುದನ್ನು ಕಲಿಸಿ." ವೇದಿಕೆಯ ಮೇಲಿದ್ದವರು ಬೀಜದ ಪೊಟ್ಟಣ ಹಂಚುತ್ತಾರೆ, ಫೋಟೋ ತೆಗೆಸಿಕೊಳ್ಳುತ್ತಾರೆ, ಜೀಪು ಹತ್ತಿ ಹೋಗುತ್ತಾರೆ. ಬೀಜವನ್ನು ಬಿತ್ತುವುದು ಯಾರ ನೆಲದಲ್ಲಿ ಎಂದು ಮಾತ್ರ ಯಾರೂ ಕೇಳುವುದಿಲ್ಲ.

ತರಕಾರಿಯ ಬಗ್ಗೆ ನನ್ನ ತಕರಾರಿಲ್ಲ. ಗಂಡ ಸತ್ತವಳಿಗೆ, ಗಂಡ ಬಿಟ್ಟುಹೋದವಳಿಗೆ, ಹೊಡೆತ ತಾಳಲಾರದೆ ಮಕ್ಕಳನ್ನು ಕಟ್ಟಿಕೊಂಡು ಹೊರಬಂದವಳಿಗೆ ಇದರಷ್ಟು ಒದಗಿಬರುವ ಬೆಳೆ ಇನ್ನೊಂದಿಲ್ಲ. ರಾಗಿ ಕೈಗೆ ಬರಲು ನಾಲ್ಕು ತಿಂಗಳು ಕಾಯಬೇಕು. ಮೆಂತ್ಯ, ದಂಟು ಒಂದು ತಿಂಗಳಿಗೆಲ್ಲ ಕೀಳಲು ಬರುತ್ತವೆ. ವಾರಕ್ಕೊಂದು ಮಡಿ ಬಿತ್ತುತ್ತಾ ಹೋದರೆ ವಾರವಾರವೂ ಸಂತೆಗೆ ಒಂದು ಬುಟ್ಟಿ ಸೊಪ್ಪು. ಬೆಂಡೆಯನ್ನು ಕಾಯಿ ಬಿಡಲು ತೊಡಗಿದ ಮೇಲೆ ದಿನ ಬಿಟ್ಟು ದಿನ ಕೊಯ್ಯಬಹುದು. ಬದನೆ ತಿಂಗಳುಗಟ್ಟಲೆ ಬಿಡುತ್ತದೆ. ನೀರೊಂದಿದ್ದರೆ ಐದು ಗುಂಟೆ ಸಾಕು, ಮನೆಯ ಮಕ್ಕಳ ತಟ್ಟೆಗೂ ಅಷ್ಟಿಷ್ಟು ಬೀಳುತ್ತದೆ. ಎಲ್ಲಕ್ಕಿಂತ ಮುಖ್ಯ, ಆ ಕಾಸು ಅವಳ ಸೆರಗಿನ ಗಂಟಿಗೇ ಬರುತ್ತದೆ.

ಆದರೆ ಐದು ಗುಂಟೆ ಎಲ್ಲಿದೆ? ಅವಳು ಪಕ್ಕದ ಹೊಲದವರಲ್ಲಿ ಬಾಯಿಮಾತಿನ ಗೇಣಿಗೆ ತುಂಡು ನೆಲ ಹಿಡಿಯುತ್ತಾಳೆ. ಕಲ್ಲು ಆರಿಸುತ್ತಾಳೆ, ತಲೆಯ ಮೇಲೆ ಗೊಬ್ಬರ ಹೊರುತ್ತಾಳೆ. ಮೂರನೆಯ ವರ್ಷ ಮಣ್ಣು ಹದಕ್ಕೆ ಬಂದಾಗ ಒಡೆಯ ಬರುತ್ತಾನೆ: "ಈ ಸಲ ನಮ್ಮ ಹುಡುಗನೇ ಮಾಡ್ತಾನಂತೆ, ಬಿಟ್ಟುಬಿಡಮ್ಮ." ಕೇಳಲು ಅವಳ ಹತ್ತಿರ ಒಂದು ಚೀಟಿಯೂ ಇಲ್ಲ. 1974ರ ಭೂಸುಧಾರಣೆ ನಮ್ಮ ರಾಜ್ಯದಲ್ಲಿ ಗೇಣಿ ಪದ್ಧತಿಯನ್ನೇ ರದ್ದು ಮಾಡಿತು. ಬಹಳ ಒಳ್ಳೆಯ ಕೆಲಸ! ಆದರೆ "ಉಳುವವನೇ ಹೊಲದೊಡೆಯ" ಎಂದು ಕೂಗಿದವರಿಗೆ ಕಳೆ ಕೀಳುವವಳು ನೆನಪಾಗಲಿಲ್ಲ. ಗೇಣಿ ಕದ್ದುಮುಚ್ಚಿ ನಡೆಯುತ್ತಲೇ ಇದೆ. ಅದಕ್ಕೆ ಕಾಗದ ಬರೆದುಕೊಡಲು ಒಡೆಯನಿಗೆ ಭಯ, ಕೇಳಲು ಇವಳಿಗೆ ಭಯ. ಪಹಣಿಯಿಲ್ಲದೆ ಬ್ಯಾಂಕಿನ ಬೆಳೆಸಾಲ ಸಿಗುವುದು ಕಷ್ಟ. ಹಾಗಾಗಿ ಸಂಘದಿಂದಲೇ ಸಾಲ ಎತ್ತುತ್ತಾಳೆ. ಸಾಲದ ಪುಸ್ತಕದಲ್ಲಿ ಅವಳ ಹೆಸರು, ಪಹಣಿಯಲ್ಲಿ ಅವನ ಹೆಸರು. ಇದನ್ನು ಸಬಲೀಕರಣ ಎನ್ನಬೇಕಂತೆ! 2015-16ರ ಕೃಷಿ ಗಣತಿಯಲ್ಲಿ ದೇಶದ ನೂರು ಹಿಡುವಳಿಗಳಲ್ಲಿ ಹೆಂಗಸರ ಹೆಸರಿನಲ್ಲಿದ್ದವು ಸುಮಾರು 14 ಮಾತ್ರ.

ಇದು ಬರೀ ಬಡತನದ ಪ್ರಶ್ನೆಯಲ್ಲ. ಪ್ರದೀಪ್ ಪಂಡಾ ಮತ್ತು ಬೀನಾ ಅಗರ್‌ವಾಲ್ ಕೇರಳದ ತಿರುವನಂತಪುರ ಜಿಲ್ಲೆಯಲ್ಲಿ ಅಧ್ಯಯನ ಮಾಡಿ 2005ರಲ್ಲಿ ಪ್ರಕಟಿಸಿದ ಅಂಕಿಗಳನ್ನು ನೋಡಿ. ಮನೆಯೂ ಜಮೀನೂ ಇಲ್ಲದ ಹೆಂಗಸರಲ್ಲಿ ನೂರಕ್ಕೆ 49 ಮಂದಿ ಗಂಡನ ಹೊಡೆತ ತಿಂದಿದ್ದರು. ತಮ್ಮದೇ ಮನೆ, ಜಮೀನು ಎರಡೂ ಇದ್ದವರಲ್ಲಿ ನೂರಕ್ಕೆ 7 ಮಂದಿ. ಕಾರಣ ಹುಡುಕಲು ಬಹಳ ದೂರ ಹೋಗಬೇಕಿಲ್ಲ. ಎದ್ದು ಹೋಗಲು ಅವಳಿಗೆ ಜಾಗವಿದೆ ಎಂದು ಅವಳಿಗೂ ಗೊತ್ತು, ಹೊಡೆಯುವ ಕೈಗೂ ಗೊತ್ತು.

ಅಂಥ ಜಾಗ ನಮಗೆ ಏಕಿಲ್ಲ? ಹೆತ್ತವರು ಕೊಟ್ಟದ್ದು ವರದಕ್ಷಿಣೆ, ನೆಲವಲ್ಲ. ಹಿಂದೆ ಕೆಲವು ಮನೆಗಳಲ್ಲಿ ಮಗಳಿಗೆ ಅರಿಶಿನ ಕುಂಕುಮಕ್ಕೆಂದು ತುಂಡು ಹೊಲ ಬಿಡುತ್ತಿದ್ದರು. ಈಗ ಅದೇ ಹೊಲ ಮಾರಿ ಅಳಿಯನಿಗೆ ಗಾಡಿ ಕೊಡಿಸುತ್ತಾರೆ. ಗಾಡಿ ಅವನದು, ಒಡವೆ ಅತ್ತೆಯ ಬೀರುವಿನಲ್ಲಿ, ಮಗಳ ಕೈ ಖಾಲಿ. "ಮದುವೆಗೆ ಖರ್ಚು ಮಾಡಿದ್ದೇವಲ್ಲ, ಇನ್ನೇನು ಪಾಲು?" ಎಂಬ ಮಾತು ಬೇರೆ.

ಇದನ್ನು ಬರೆಯುವಾಗ ನನಗೇ ನಾಚಿಕೆಯಾಗುತ್ತದೆ. ಎಂ.ಎ. ಓದಿದ ನಾನು ಮೂವತ್ತು ವರ್ಷ ಕಾಲೇಜಿನಲ್ಲಿ ಪಾಠ ಹೇಳಿದವಳು. 2009ರಲ್ಲಿ ನಮ್ಮ ತಂದೆ ತೀರಿಕೊಂಡ ಮೇಲೆ ಹಕ್ಕು ಬಿಡುಗಡೆ ಪತ್ರಕ್ಕೆ ಓದದೆ ಸಹಿ ಹಾಕಿದೆ. ಒಂದು ರೇಷ್ಮೆ ಸೀರೆ, ಮಡಿಲು ತುಂಬಿದ ಅಕ್ಕಿ, ಕಣ್ಣಲ್ಲಿ ನೀರು! ನನಗೆ ಸಂಬಳವಿತ್ತು, ನಡೆಯಿತು. ಪಕ್ಕದಲ್ಲಿ ಕೂತು ಸಹಿ ಹಾಕಿದ ನನ್ನ ತಂಗಿಗೆ ಏನಿತ್ತು? ಮೂರು ವರ್ಷದ ನಂತರ ಗಂಡ ಹೊರಹಾಕಿದಾಗ ಅವಳಿಗೆ ತವರಲ್ಲಿ ಸಿಕ್ಕಿದ್ದು ಅಡುಗೆಮನೆಯ ಮೂಲೆ.

ಕಾನೂನು ನಮ್ಮ ಕಡೆಗಿದೆ. ಹಿಂದೂ ಕುಟುಂಬಗಳಲ್ಲಿ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕು ಎಂದು 2005ರ ತಿದ್ದುಪಡಿ ಹೇಳಿತು. ಆ ಹೊತ್ತಿಗೆ ತಂದೆ ಬದುಕಿರಲೇಬೇಕೆಂದಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ಮುಸ್ಲಿಂ, ಕ್ರೈಸ್ತ ಹೆಣ್ಣುಮಕ್ಕಳಿಗೂ ಅವರವರ ಕಾನೂನಿನಲ್ಲಿ ಪಾಲಿದೆ. "ಪಾಲು ಕೇಳಿದರೆ ತವರಿನ ಬಾಗಿಲು ಮುಚ್ಚುತ್ತದೆ" ಎನ್ನುತ್ತೀರಿ. ಪಾಲು ಬಿಟ್ಟುಕೊಟ್ಟರೆ ಮಾತ್ರ ತೆರೆಯುವ ಬಾಗಿಲು ಎಂಥ ತವರಿನದು?

ಹಾಗಾದರೆ ಸಂಘ ಏನು ಮಾಡಬೇಕು? ಸದಸ್ಯೆಯ ಗಂಡ ತೀರಿಕೊಂಡರೆ ಅವಳೊಂದಿಗೆ ನಾಡಕಚೇರಿಗೆ ಹೋಗಿ. ಮರಣ ಪ್ರಮಾಣಪತ್ರ, ವಂಶವೃಕ್ಷ ಇಟ್ಟು ಪೌತಿ ಖಾತೆಗೆ ಅರ್ಜಿ ಹಾಕಿಸಿ, ಅವಳ ಹೆಸರು ಪಹಣಿಗೆ ಬರುವವರೆಗೆ ಬಿಡಬೇಡಿ. ಹಕ್ಕು ಬಿಡುಗಡೆ ಪತ್ರ ಬಂದರೆ ಸಂಘದಲ್ಲಿ ಗಟ್ಟಿಯಾಗಿ ಓದಿಸಿ, ಆಮೇಲೆ ಸಹಿಯ ಮಾತು. ನೆಲವೇ ಇಲ್ಲದವರು ಒಂಟಿಯಾಗಿ ಒಡೆಯನ ಬಾಗಿಲಿಗೆ ಹೋಗಬೇಡಿ. ಕೇರಳದಲ್ಲಿ 1998ರಲ್ಲಿ ಶುರುವಾದ ಕುಟುಂಬಶ್ರೀಯ ಹೆಂಗಸರು ಗುಂಪು ಕಟ್ಟಿ, ಪಂಚಾಯಿತಿಯ ನೆರವಿನಿಂದ ಪಾಳು ಬಿದ್ದ ನೆಲ ಹಿಡಿದು ಭತ್ತ, ತರಕಾರಿ ಬೆಳೆದರು. ಹತ್ತು ಹೆಂಗಸರು ಒಟ್ಟಿಗೆ ಹಿಡಿದ ನೆಲವನ್ನು "ಬಿಟ್ಟುಬಿಡಮ್ಮ" ಎನ್ನಲು ಅಷ್ಟು ಸುಲಭಕ್ಕೆ ಬಾಯಿ ಬರುವುದಿಲ್ಲ. ನಮ್ಮ ಗ್ರಾಮಸಭೆಯಲ್ಲೂ ಅದನ್ನು ಕೇಳಿ, ನಡಾವಳಿಯಲ್ಲಿ ಬರೆಸಿ.

ಇನ್ನು ಮಗಳ ಮದುವೆ. ವರದಕ್ಷಿಣೆಗೆಂದು ಸಂಘದಲ್ಲಿ ಸಾಲ ಕೇಳುವ ತಾಯಿಗೆ ಕೊಡಬೇಡಿ. ಅವಳ ಮಗಳ ಹೆಸರಿಗೆ ಐದು ಗುಂಟೆ ಬರೆಸಲು ಕೇಳಿದರೆ ಕೊಡಿ.

ಮುಂದಿನ ಸಲ ಬೀಜದ ಪೊಟ್ಟಣ ಹಿಡಿದು ಯಾರಾದರೂ ಬಂದರೆ ತೆಗೆದುಕೊಳ್ಳಿ, ಬೀಜಕ್ಕೇನೂ ಪಾಪವಿಲ್ಲ. ಆದರೆ ಅವರು ಜೀಪು ಹತ್ತುವ ಮೊದಲು ಕೇಳಿ: "ಸ್ವಾಮಿ, ಇದರ ಜೊತೆಗೆ ನೆಲದ ಕಾಗದ ಯಾವಾಗ?"