ಟ್ಯೂಬಿಂಗೆನ್‌ಗೆ ದಾರಿ ಸಿಕ್ಕಿತು, ದಾವಣಗೆರೆಗೆ?

ಬರುವ ಬೇಸಿಗೆಯಲ್ಲಿ ನಾನೂ ನನ್ನ ಪತ್ನಿಯೂ ಜರ್ಮನಿಗೆ ಹೋಗಬೇಕೆಂದು ನಿಶ್ಚಯಿಸಿದ್ದೇವೆ. ಇಬ್ಬರಿಗೂ ಇದು ಮೊದಲ ವಿದೇಶ ಪ್ರವಾಸ. ಮಗಳು ಸ್ಟುಟ್‌ಗಾರ್ಟ್‌ನಲ್ಲಿ ಉದ್ಯೋಗದಲ್ಲಿದ್ದಾಳೆ. ಆಕೆಯ ಮನೆ ಸೇರುವ ಮುನ್ನ ಒಂದೆಂಟು ದಿನ ನಾವಿಬ್ಬರೇ ರೈಲಿನಲ್ಲಿ ನಾಲ್ಕಾರು ಊರುಗಳನ್ನು ನೋಡಬೇಕೆಂಬುದು ನಮ್ಮ ಆಸೆ. ಹರಪನಹಳ್ಳಿಯ ಮನೆಯಲ್ಲಿ ನಕಾಶೆ ಹರಡಿಕೊಂಡು, ಪಕ್ಕದಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಕುಳಿತೆವು. ಎರಡು ಸಂಜೆಗಳಲ್ಲಿ ಜರ್ಮನಿಯೊಳಗಿನ ಪ್ರಯಾಣವೆಲ್ಲವೂ ತೀರ್ಮಾನವಾಯಿತು. ತೀರ್ಮಾನವಾಗದೆ ಉಳಿದದ್ದು ಒಂದೇ ಒಂದು ಹಂತ: ಹರಪನಹಳ್ಳಿಯಿಂದ ದಾವಣಗೆರೆಗೆ, ಸುಮಾರು 45 ಕಿಲೋಮೀಟರ್.

ಇದನ್ನು ನಗೆಯ ಮಾತೆಂದು ಬದಿಗಿಡುವಂತಿಲ್ಲ. ನಮ್ಮೂರಿಗೆ ರೈಲು ಹಳಿ ಇದೆ, ನಿಲ್ದಾಣವಿದೆ, ರೈಲೂ ಬರುತ್ತದೆ. ಆದರೂ ಬೆಂಗಳೂರಿನ ವಿಮಾನ ಹಿಡಿಯಬೇಕಾದ ಪ್ರಯಾಣಿಕ ಆ ಹಳಿಯನ್ನು ನಂಬಿ ತನ್ನ ದಿನವನ್ನು ಯೋಜಿಸಲಾರ. ಹೀಗೇಕೆ ಎಂಬ ಪ್ರಶ್ನೆಗೆ ಉತ್ತರ, ವಿಚಿತ್ರವೆನಿಸಿದರೂ, ಆ ಎರಡು ಸಂಜೆಗಳ ಜರ್ಮನ್ ವೇಳಾಪಟ್ಟಿಯಲ್ಲೇ ನನಗೆ ದೊರೆಯಿತು.

ಮೊದಲು ನಮ್ಮ ಪ್ರವಾಸದ ಹಾದಿಯನ್ನು ಹೇಳಬೇಕು. ಫ್ರಾಂಕ್‌ಫರ್ಟ್ ವಿಮಾನ ನಿಲ್ದಾಣದಲ್ಲೇ ದೂರಪ್ರಯಾಣದ ರೈಲು ನಿಲ್ದಾಣವಿದೆ. ಅಲ್ಲಿಂದ ಕಲೋನ್‌ಗೆ 2002ರಲ್ಲಿ ತೆರೆದ ಅತಿವೇಗದ ಮಾರ್ಗದಲ್ಲಿ ಒಂದು ಗಂಟೆಗೆ ತುಸು ಹೆಚ್ಚಿನ ಪ್ರಯಾಣ. ಕಲೋನ್ ನಿಲ್ದಾಣದಿಂದ ಹೊರಬಂದರೆ ಎದುರಿಗೇ ಅಲ್ಲಿನ ಪ್ರಸಿದ್ಧ ಕೆಥೆಡ್ರಲ್. ಮುಂದೆ ಉತ್ತರದ ಕಡಲತಡಿಯ ನಾರ್ಡನ್, ಅಲ್ಲಿಂದ ಬರ್ಲಿನ್. ಬರ್ಲಿನ್‌ನ ಮುಖ್ಯ ನಿಲ್ದಾಣ 2006ರಲ್ಲಿ ಆರಂಭವಾದದ್ದು. ಪೂರ್ವ–ಪಶ್ಚಿಮದ ರೈಲುಗಳು ಮೇಲಂತಸ್ತಿನಲ್ಲೂ ಉತ್ತರ–ದಕ್ಷಿಣದ ರೈಲುಗಳು ನೆಲದಡಿಯಲ್ಲೂ ಓಡುತ್ತವೆ. ಬರ್ಲಿನ್‌ನಿಂದ ಮ್ಯೂನಿಕ್‌ಗೆ 2017ರ ಡಿಸೆಂಬರ್‌ನಲ್ಲಿ ಮುಗಿದ ಮಾರ್ಗದಲ್ಲಿ ವೇಗದ ರೈಲು ನಾಲ್ಕು ಗಂಟೆಯೊಳಗೆ ತಲುಪಿಸುತ್ತದೆ. ಕೊನೆಗೆ ಸ್ಟುಟ್‌ಗಾರ್ಟ್, ಎಸ್ಲಿಂಗೆನ್, ಟ್ಯೂಬಿಂಗೆನ್.

ಪ್ರವಾಸಿಗರ ಪಟ್ಟಿಯಲ್ಲಿ ಸಾಮಾನ್ಯವಾಗಿ ಇರದ ನಾರ್ಡನ್, ಎಸ್ಲಿಂಗೆನ್‌ಗಳು ನಮ್ಮ ಪಟ್ಟಿಗೆ ಸೇರಿದ್ದಕ್ಕೆ ಕಾರಣ ಕನ್ನಡ. ಫರ್ಡಿನಾಂಡ್ ಕಿಟ್ಟೆಲ್ 1832ರಲ್ಲಿ ಹುಟ್ಟಿದ ರೆಸ್ಟರ್‌ಹಾಫೆ ಎಂಬ ಹಳ್ಳಿ ನಾರ್ಡನ್‌ಗೆ ಸಮೀಪದಲ್ಲಿದೆ. 1853ರಲ್ಲಿ ಬಾಸೆಲ್ ಮಿಷನ್‌ನ ಪಾದ್ರಿಯಾಗಿ ಕರ್ನಾಟಕಕ್ಕೆ ಬಂದ ಅವರ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಟ್ಯೂಬಿಂಗೆನ್ ವಿಶ್ವವಿದ್ಯಾಲಯ 1896ರಲ್ಲಿ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. 1903ರಲ್ಲಿ ಅವರು ತೀರಿಕೊಂಡದ್ದೂ ಅದೇ ಊರಿನಲ್ಲಿ. 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಆರಂಭಿಸಿ ಕನ್ನಡ ಪತ್ರಿಕೋದ್ಯಮಕ್ಕೆ ನಾಂದಿ ಹಾಡಿದ ಹರ್ಮನ್ ಮೋಗ್ಲಿಂಗ್ 1881ರಲ್ಲಿ ನಿಧನರಾದದ್ದು ಎಸ್ಲಿಂಗೆನ್‌ನಲ್ಲಿ. ಸ್ಟುಟ್‌ಗಾರ್ಟ್‌ನಿಂದ ಹೊರಡುವ ಪ್ರಾದೇಶಿಕ ರೈಲು ಎಸ್ಲಿಂಗೆನ್ ದಾಟಿಕೊಂಡೇ ಟ್ಯೂಬಿಂಗೆನ್‌ಗೆ ಹೋಗುತ್ತದೆ. ಕನ್ನಡದ ಮೊದಲ ಪತ್ರಕರ್ತನನ್ನೂ ಅದರ ಮಹಾ ನಿಘಂಟುಕಾರನನ್ನೂ ಒಂದೇ ಹಳಿಯ ಮೇಲೆ, ಒಂದೇ ಮಧ್ಯಾಹ್ನದಲ್ಲಿ ನೆನೆಯಬಹುದು. ಕನ್ನಡಿಗರು ಜರ್ಮನಿಗೆ ಹೋದರೆ ಈ ಹಾದಿಯನ್ನು ಮರೆಯಬಾರದೆಂದು ನನ್ನ ಸವಿನಯ ಸೂಚನೆ.

ಹೀಗೆ ಹೊಸಬರಿಬ್ಬರು ಅರಿಯದ ದೇಶದ ಏಳೆಂಟು ಊರುಗಳನ್ನು ಎರಡು ಸಂಜೆಗಳಲ್ಲಿ ಜೋಡಿಸಲು ಸಾಧ್ಯವಾದದ್ದು ಹೇಗೆ? ಅಲ್ಲಿನ ರೈಲುಗಳ ವೇಗದಿಂದಲ್ಲ, ಅವುಗಳ ನಿಯತತೆಯಿಂದ. 1971ರಲ್ಲಿ ಪಶ್ಚಿಮ ಜರ್ಮನಿಯ ರೈಲ್ವೆ ನಗರಗಳ ನಡುವೆ ಎರಡು ಗಂಟೆಗೊಂದರಂತೆ ರೈಲು ಓಡಿಸತೊಡಗಿತು. ಅವು ಮೊದಲ ದರ್ಜೆಯವರಿಗೆ ಮಾತ್ರ. 1979ರಲ್ಲಿ ಅದನ್ನು ಬದಲಿಸಿ, ಪ್ರತಿ ಗಂಟೆಗೂ ರೈಲು, ಪ್ರತಿ ದರ್ಜೆಗೂ ಜಾಗ ಎಂದು ಘೋಷಿಸಿತು. ಕೆಲವು ಪ್ರಮುಖ ನಿಲ್ದಾಣಗಳಲ್ಲಿ ಎರಡು ಮಾರ್ಗಗಳ ರೈಲುಗಳು ಒಂದೇ ಪ್ಲಾಟ್‌ಫಾರಂನ ಎರಡು ಬದಿಗೆ ಏಕಕಾಲಕ್ಕೆ ಬಂದು ನಿಲ್ಲುವ ಏರ್ಪಾಡನ್ನೂ ಮಾಡಿತು. ಇಳಿದವರು ನಾಲ್ಕು ಹೆಜ್ಜೆ ನಡೆದರೆ ಮುಂದಿನ ರೈಲು. ಗಡಿಯಾರದ ಮುಳ್ಳಿಗೆ ಹೊಂದಿಸಿದ ಈ ಕ್ರಮ ನಿಧಾನವಾಗಿ ಸಣ್ಣ ಊರುಗಳ ರೈಲಿಗೂ ಹಬ್ಬಿತು. ನಾರ್ಡನ್ ಸುಮಾರು 25 ಸಾವಿರ ಜನಸಂಖ್ಯೆಯ ಊರು, ಹರಪನಹಳ್ಳಿಗಿಂತ ಚಿಕ್ಕದು. ದೇಶದ ಮೂಲೆಯಲ್ಲಿರುವ ಆ ಊರಿಗೂ ಬೆಳಗಿನಿಂದ ರಾತ್ರಿಯವರೆಗೆ ಒಂದೆರಡು ಗಂಟೆಗೊಮ್ಮೆ ರೈಲು ಬರುತ್ತದೆ. ಒಂದು ತಪ್ಪಿದರೆ ಇನ್ನೊಂದು ಇದೆಯೆಂಬ ಈ ಭರವಸೆಯೇ ಹೊಸಬರಿಗೂ ಧೈರ್ಯ ಕೊಡುತ್ತದೆ.

ಹಾಗೆಂದು ಜರ್ಮನಿಯನ್ನು ಸ್ವರ್ಗವೆಂದು ಬಣ್ಣಿಸುವ ಇರಾದೆ ನನಗಿಲ್ಲ. ಜರ್ಮನ್ ರೈಲು ಸಮಯಕ್ಕೆ ಸರಿಯಾಗಿ ಬರುತ್ತದೆ ಎಂಬ ಮಾತು ಈಗ ಅಲ್ಲಿಯವರಿಗೇ ತಮಾಷೆಯ ವಸ್ತು. 2024ರಲ್ಲಿ ಅಲ್ಲಿನ ದೂರಪ್ರಯಾಣದ ರೈಲುಗಳಲ್ಲಿ ಸಕಾಲಕ್ಕೆ ಬಂದವು ಶೇಕಡ 62.5 ಮಾತ್ರ, ಅದೂ ಆರು ನಿಮಿಷದೊಳಗಿನ ವಿಳಂಬವನ್ನು ವಿಳಂಬವೆಂದು ಲೆಕ್ಕಿಸದೆ. ಸ್ಟುಟ್‌ಗಾರ್ಟ್‌ನ ಹೊಸ ನೆಲಮಾಳಿಗೆ ನಿಲ್ದಾಣದ ಕಾಮಗಾರಿ 2010ರಲ್ಲಿ ತೊಡಗಿ 2019ಕ್ಕೆ ಮುಗಿಯಬೇಕಿತ್ತು; ಅದರ ಗಡುವು ಮತ್ತೆ ಮತ್ತೆ ಮುಂದಕ್ಕೆ ಜಾರಿದೆ. ‘ರೈಲು ಬದಲಿಸುವ ಕಡೆ ಅರ್ಧ ಗಂಟೆಯಾದರೂ ಅಂತರ ಇಟ್ಟುಕೊಳ್ಳಿ ಅಪ್ಪ’ ಎಂಬುದು ಮಗಳ ಎಚ್ಚರಿಕೆ. ಆದರೆ ವಿಳಂಬವಾದಾಗ ಅಲ್ಲಿ ಪ್ರಯಾಣಿಕ ಅನಾಥನಾಗುವುದಿಲ್ಲ. ಮುಂಚಿತವಾಗಿ ಕೊಂಡ ಅಗ್ಗದ ಟಿಕೆಟ್ ನಿರ್ದಿಷ್ಟ ರೈಲಿಗೆ ಮಾತ್ರ ಸಲ್ಲುತ್ತದೆ ನಿಜ. ಆದರೆ ಗಮ್ಯ ತಲುಪುವುದು 20 ನಿಮಿಷ ತಡವಾಗುವಂತಿದ್ದರೆ ಆ ನಿರ್ಬಂಧ ಬಿದ್ದುಹೋಗುತ್ತದೆ, ಬೇರೆ ರೈಲನ್ನು ಹತ್ತಬಹುದು. ಒಂದು ಗಂಟೆ ತಡವಾದರೆ ದರದ ಕಾಲುಭಾಗ, ಎರಡು ಗಂಟೆಯಾದರೆ ಅರ್ಧಭಾಗ ವಾಪಸು ಪಡೆಯುವ ಹಕ್ಕು ಸಾಮಾನ್ಯವಾಗಿ ಇದೆ. ವೇಳಾಪಟ್ಟಿ ಎಂಬುದು ಪ್ರಯಾಣಿಕನಿಗೆ ಕೊಟ್ಟ ಮಾತು, ಮಾತು ತಪ್ಪಿದರೆ ತೆರಬೇಕು ಎಂಬ ತಿಳಿವಳಿಕೆ ಇದರ ಹಿಂದಿದೆ.

ಈಗ ನಮ್ಮ ಹಳಿಗೆ ಬರೋಣ. ಹೊಸಪೇಟೆ–ಕೊಟ್ಟೂರು ಮಾರ್ಗ ಹುಟ್ಟಿದ್ದು ಕಳೆದ ಶತಮಾನದ ಆದಿಯಲ್ಲಿ, ಮೀಟರ್‌ಗೇಜ್ ಹಳಿಯಾಗಿ. ಬ್ರಾಡ್‌ಗೇಜ್ ಪರಿವರ್ತನೆಗಾಗಿ 1990ರ ದಶಕದಲ್ಲಿ ಅದರ ಪ್ರಯಾಣಿಕರ ರೈಲು ನಿಂತಿತು. ಕೊಟ್ಟೂರಿನಿಂದ ಹರಪನಹಳ್ಳಿಯ ಮೂಲಕ ಹರಿಹರಕ್ಕೆ ಸುಮಾರು 65 ಕಿಲೋಮೀಟರ್ ಹೊಸ ಹಳಿ ಮಂಜೂರಾದದ್ದೂ ಅದೇ ದಶಕದಲ್ಲಿ. ಹರಪನಹಳ್ಳಿ 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆ ಜಿಲ್ಲೆಗೆ ಸೇರಿತು, ಮತ್ತೆ ಬಳ್ಳಾರಿಗೆ ಮರಳಿತು, 2021ರಲ್ಲಿ ಹೊಸ ವಿಜಯನಗರ ಜಿಲ್ಲೆಯ ಪಾಲಾಯಿತು. ಜಿಲ್ಲೆಗಳು ಬದಲಾದಷ್ಟು ಬೇಗ ರೈಲು ಬರಲಿಲ್ಲ. ಮೊದಲು ಹರಿಹರ–ಕೊಟ್ಟೂರು ನಡುವೆ, ಆಮೇಲೆ 2019ರ ಅಕ್ಟೋಬರ್‌ನಲ್ಲಿ ಹೊಸಪೇಟೆ–ಹರಿಹರ ನಡುವೆ ಪ್ರಯಾಣಿಕರ ರೈಲು ಓಡಿತು. ಒಂದು ಇಡೀ ಪೀಳಿಗೆ ಹುಟ್ಟಿ ಬೆಳೆದು ಪದವಿ ಮುಗಿಸುವಷ್ಟು ಕಾಲ ಈ ಭಾಗದ ಜನ ಅರ್ಜಿ ಹಿಡಿದು ಕಾದಿದ್ದರು. ಮೊದಲ ರೈಲು ಬಂದಾಗ ಜನ ಮಾಲೆ ಹಾಕಿ ಸ್ವಾಗತಿಸಿದ್ದು ಸಹಜವೇ ಆಗಿತ್ತು.

ಆದರೆ ಮಾಲೆ ಬಾಡಿದ ಮೇಲೆ ಉಳಿದದ್ದೇನು? ಅದಿರು, ಸರಕು ಸಾಗಿಸುವ ಹಳಿಯ ಮೇಲೆ ಬೆರಳೆಣಿಕೆಯ ಪ್ರಯಾಣಿಕರ ರೈಲುಗಳು. ದಾವಣಗೆರೆಯ ಕಾಲೇಜಿಗೆ ಹೋಗುವ ವಿದ್ಯಾರ್ಥಿ ಬೆಳಗಿನ ರೈಲು ಹಿಡಿದರೂ ತರಗತಿ ಮುಗಿದಾಗ ಮರಳಲು ಬಸ್ಸನ್ನೇ ಹುಡುಕಬೇಕು. ಅಲ್ಲಿನ ಆಸ್ಪತ್ರೆಗೆ ರೋಗಿಯನ್ನು ಕರೆದೊಯ್ಯುವವರಿಗೆ ವೈದ್ಯರು ಎಷ್ಟು ಹೊತ್ತಿಗೆ ಬಿಡುತ್ತಾರೆಂಬುದು ಮುಂಚೆ ತಿಳಿದಿರುವುದಿಲ್ಲ. ತಪ್ಪಿದ ರೈಲಿನ ಮುಂದಿನ ರೈಲು ನಾಳೆ ಎಂದರೆ ಅವರು ರೈಲನ್ನು ನೆಚ್ಚುವುದು ಹೇಗೆ? ಬೆಂಗಳೂರು–ಧಾರವಾಡ ನಡುವಿನ ವಂದೇ ಭಾರತ್ 2023ರ ಜೂನ್‌ನಿಂದ ದಾವಣಗೆರೆಯಲ್ಲಿ ನಿಲ್ಲುತ್ತಿದೆ, ಸಂತೋಷ. ಆದರೆ ಅದಕ್ಕೆ ಹೊಂದಿಕೊಂಡು ನಮ್ಮ ಕಡೆಯಿಂದ ಒಂದು ಗಾಡಿ ಬಾರದಿದ್ದರೆ ಆ ವೇಗ ನಮ್ಮ ಪಾಲಿಗೆ ಇದ್ದೂ ಇಲ್ಲದಂತೆ. ಮುಖ್ಯಮಾರ್ಗದಲ್ಲಿ ಉಳಿಸಿದ ಗಂಟೆಯನ್ನು ಕೂಡುಮಾರ್ಗದಲ್ಲಿ ಕಳೆದುಕೊಳ್ಳುವುದು ಎಂಥ ಲೆಕ್ಕ?

ದರದ ವಿಷಯದಲ್ಲೂ ಇದೇ ಪಾಠವಿದೆ. 2023ರ ಮೇ 1ರಂದು ಜರ್ಮನಿಯಲ್ಲಿ ತಿಂಗಳಿಗೆ 49 ಯೂರೊ ಕೊಟ್ಟು ದೇಶದ ಎಲ್ಲ ಪ್ರಾದೇಶಿಕ ರೈಲು, ನಗರ ಬಸ್ಸು, ಟ್ರಾಮ್‌ಗಳಲ್ಲಿ ಓಡಾಡುವ ಪಾಸು ಜಾರಿಗೆ ಬಂತು. 2026ರ ಜನವರಿಯಿಂದ ಅದರ ದರ 63 ಯೂರೊ. ಅತಿವೇಗದ ರೈಲುಗಳಿಗೆ ಅದು ಸಲ್ಲದು. ಅದಾದ ಆರು ವಾರಗಳಿಗೆ, ಜೂನ್ 11ರಂದು, ಕರ್ನಾಟಕದಲ್ಲಿ ಮಹಿಳೆಯರ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಬಂತು. ಎರಡೂ ಜನರಿಗೆ ಬಾಗಿಲು ತೆರೆದ ಕ್ರಮಗಳೇ. ಆದರೆ ಪಾಸು ಎಷ್ಟೇ ಅಗ್ಗವಾದರೂ ಗಾಡಿ ಬಂದಾಗ ಮಾತ್ರ ಅದಕ್ಕೆ ಬೆಲೆ. ಬಸ್ಸಿನ ಬಾಗಿಲಿನಲ್ಲಿ ನಿಂತುಕೊಂಡೇ ದಾವಣಗೆರೆ ಮುಟ್ಟುವ ಹೆಣ್ಣುಮಕ್ಕಳನ್ನು ಕೇಳಿದರೆ ಈ ಮಾತಿನ ಸತ್ಯ ತಿಳಿಯುತ್ತದೆ.

ಈ ಮಾರ್ಗದಲ್ಲಿ ಪ್ರಯಾಣಿಕರೇ ಇಲ್ಲ, ಹೆಚ್ಚು ರೈಲು ಓಡಿಸಿದರೆ ನಷ್ಟ ಎಂಬ ಆಕ್ಷೇಪ ಬರುವುದು ಖಚಿತ. ಒಂಟಿ ಹಳಿ, ಸರಕು ರೈಲುಗಳಿಗೆ ದಾರಿ ಬಿಡಬೇಕು, ರೈಲ್ವೆಯ ವರಮಾನಕ್ಕೆ ಸರಕೇ ಆಧಾರ ಎಂಬ ವಾದದಲ್ಲೂ ಹುರುಳಿದೆ. ಆದರೆ ರೈಲು ಕಡಿಮೆ ಇರುವುದರಿಂದ ಜನ ಬರುತ್ತಿಲ್ಲವೋ, ಜನ ಬಾರದಿರುವುದರಿಂದ ರೈಲು ಕಡಿಮೆಯೋ? ದಾವಣಗೆರೆಯ ದಾರಿಯಲ್ಲಿ ಬಸ್ಸುಗಳು ತುಂಬಿ ಹೋಗುತ್ತಿರುವಾಗ ಪಕ್ಕದ ಹಳಿಗೆ ಜನರಿಲ್ಲವೆನ್ನುವುದು ಒಪ್ಪುವ ಮಾತಲ್ಲ. ಹೊತ್ತಲ್ಲದ ಹೊತ್ತಿನಲ್ಲಿ ಅಂಗಡಿ ತೆರೆದು ಗಿರಾಕಿ ಬರಲಿಲ್ಲವೆಂದು ವ್ಯಾಪಾರಿ ದೂರಿದರೆ ಯಾರಾದರೂ ಒಪ್ಪುತ್ತಾರೆಯೇ?

ನಾವು ಬುಲೆಟ್ ರೈಲನ್ನು ಕೇಳುತ್ತಿಲ್ಲ. ಕೇಳುತ್ತಿರುವುದು ಮೂರೇ ಸಂಗತಿ. ಒಂದು, ನಾಲ್ಕಾರು ಬೋಗಿಗಳ ಸಣ್ಣ ರೈಲಾದರೂ ಸರಿ, ಹೊಸಪೇಟೆ–ಹರಿಹರ ನಡುವೆ ಹಗಲಿನಲ್ಲಿ ಮೂರು ಗಂಟೆಗೊಮ್ಮೆಯಾದರೂ ಗೊತ್ತುಪಡಿಸಿದ ಹೊತ್ತಿಗೆ ಓಡಲಿ. ಎರಡು, ಆ ಹೊತ್ತು ಹರಿಹರ, ದಾವಣಗೆರೆ ಹಾಗೂ ಹೊಸಪೇಟೆಗಳ ಮುಖ್ಯ ರೈಲುಗಳಿಗೆ ಕೂಡುವಂತಿರಲಿ. ಮೂರು, ಬಸ್ ನಿಲ್ದಾಣದಿಂದ ರೈಲು ನಿಲ್ದಾಣಕ್ಕೆ ರೈಲಿನ ಸಮಯಕ್ಕೆ ಸರಿಯಾಗಿ ಬಸ್ಸಿರಲಿ. ಎರಡರ ವೇಳೆಯೂ ಒಂದೇ ಫಲಕದಲ್ಲಿ, ಕನ್ನಡದಲ್ಲಿ ಬರೆದಿರಲಿ. ಮೊದಲನೆಯದಕ್ಕೆ ಗಾಡಿ ಬೇಕು, ಹಣ ಬೇಕು. ಉಳಿದೆರಡಕ್ಕೆ ಬೇಕಾದುದು ರೈಲ್ವೆ ಹಾಗೂ ಸಾರಿಗೆ ಸಂಸ್ಥೆಯ ಅಧಿಕಾರಿಗಳು ಒಂದು ಮೇಜಿನ ಮುಂದೆ ಕುಳಿತುಕೊಳ್ಳುವುದಷ್ಟೇ. ಕೊಟ್ಟೂರು ಗುರುಬಸವೇಶ್ವರರ ರಥೋತ್ಸವಕ್ಕೆ ಹೆಚ್ಚುವರಿ ಬಸ್ಸುಗಳನ್ನು ಹೊಂದಿಸಬಲ್ಲ ಆಡಳಿತಕ್ಕೆ ವರ್ಷದ ಉಳಿದ ದಿನಗಳ ಈ ಸಣ್ಣ ಹೊಂದಾಣಿಕೆ ಅಸಾಧ್ಯವೇನಲ್ಲ.

ನಮ್ಮ ಜನಪ್ರತಿನಿಧಿಗಳು ಹೊಸ ಮಾರ್ಗ, ಹೊಸ ನಿಲ್ದಾಣಗಳ ಘೋಷಣೆಗೆ ತೋರುವ ಉತ್ಸಾಹದ ಹತ್ತನೇ ಒಂದು ಪಾಲನ್ನು ವೇಳಾಪಟ್ಟಿಗೆ ತೋರಿದರೆ ಸಾಕು. ವೇಳಾಪಟ್ಟಿಗೆ ಶಂಕುಸ್ಥಾಪನೆ ಇಲ್ಲ, ಹಸಿರು ಬಾವುಟವಿಲ್ಲ, ಆದ್ದರಿಂದ ಅದರತ್ತ ಯಾರ ಗಮನವೂ ಹೋಗುವುದಿಲ್ಲ. ಆದರೆ ಊರಿನ ಜನ ಬದುಕುವುದು ಬಾವುಟದ ದಿನದಲ್ಲಲ್ಲ, ಅದರ ಮಾರನೆಯ ದಿನಗಳಲ್ಲಿ.

ವೀಸಾಕ್ಕೆ ಬೇಕಾದ ಕಾಗದಗಳು ಸಿದ್ಧವಾಗಿವೆ: 30 ಸಾವಿರ ಯೂರೊ ಮೊತ್ತದ ವೈದ್ಯಕೀಯ ವಿಮೆ, ತಂಗುವ ಕೋಣೆಗಳ ರಸೀದಿ, ದಿನವಹಿ ಪ್ರವಾಸದ ಪಟ್ಟಿ. ಆ ಪಟ್ಟಿಯಲ್ಲಿ ಟ್ಯೂಬಿಂಗೆನ್ ತಲುಪುವ ದಿನ, ಹೊತ್ತು ಎಲ್ಲವೂ ಇವೆ. ಹರಪನಹಳ್ಳಿ–ದಾವಣಗೆರೆ ಎಂದಿದ್ದ ಸಾಲಿನೆದುರು ನನ್ನ ಪತ್ನಿ ಕೊನೆಗೆ ‘ಬಾಡಿಗೆ ಕಾರು’ ಎಂದು ಬರೆದಳು. ಕಾರು ಬಾಡಿಗೆಗೆ ಹಿಡಿಯಬಲ್ಲವರ ಯೋಜನೆ ಹೀಗೆ ಪೂರ್ಣವಾಯಿತು. ಹಿಡಿಯಲಾರದವರ ಸಾಲು ಇನ್ನೂ ಖಾಲಿ ಇದೆ.