ಸಂಬಳ ನಿಂತ ಮೇಲಿನ ಕೆಲಸ

ಕರ್ನಾಟಕದ ಸರ್ಕಾರಿ ನೌಕರರಿಗೆ 60 ತುಂಬಿದ ತಿಂಗಳ ಕೊನೆಯಲ್ಲಿ ಬೀಳ್ಕೊಡುಗೆ. ಹಾರ, ಶಾಲು, ಹಣ್ಣಿನ ಬುಟ್ಟಿಯ ಜೊತೆಗೆ ‘ಇನ್ನಾದರೂ ಆರಾಮಾಗಿರಿ’ ಎಂಬ ಹಾರೈಕೆಯೂ ಸಿಗುತ್ತದೆ. ಕೆಲಸವೆಂದರೆ ಭಾರ, ಅದು ಇಳಿದರೆ ಸುಖ ಎಂಬ ನಂಬಿಕೆ ಈ ಹಾರೈಕೆಯೊಳಗಿದೆ. ಹಾಗಿದ್ದರೆ ನಿವೃತ್ತರಾದ ಎಷ್ಟೋ ಮಂದಿ ಕೆಲವೇ ತಿಂಗಳಲ್ಲಿ ಯಾರೂ ಹೇಳದ, ಯಾರೂ ಸಂಬಳ ಕೊಡದ ಕೆಲಸವನ್ನು ಮೈಮೇಲೆ ಎಳೆದುಕೊಳ್ಳುವುದೇಕೆ? ಒಬ್ಬರು ಕುಕ್ಕರಿನಲ್ಲಿ ಕೇಕ್ ಮಾಡಲು ಕಲಿಯುತ್ತಾರೆ, ಇನ್ನೊಬ್ಬರು ಮರ ಕೆತ್ತುತ್ತಾರೆ, ಮತ್ತೊಬ್ಬರು ಬುಟ್ಟಿಗೆ ಬಣ್ಣ ಬಳಿಯುತ್ತಾರೆ. ಹೊತ್ತು ಕಳೆಯಲು ಒಂದು ನೆವ ಎಂದು ಇದನ್ನು ತಳ್ಳಿಹಾಕುವುದು ಸುಲಭ. ಆದರೆ ಹೊತ್ತು ಕಳೆಯುವುದಷ್ಟೇ ಗುರಿಯಾಗಿದ್ದರೆ ಟಿವಿ ಸಾಕಿತ್ತು.

ಕಚೇರಿಯ ಕೆಲಸ ಹೇಗಿರುತ್ತದೆ ನೋಡಿ. ಕಡತ ಒಂದು ಮೇಜಿನಿಂದ ಬಂದು ಇನ್ನೊಂದು ಮೇಜಿಗೆ ಹೋಗುತ್ತದೆ. ಅದು ಎಲ್ಲಿ ಹುಟ್ಟಿತು, ಕೊನೆಗೆ ಏನಾಯಿತು ಎಂಬುದು ನಡುವಿನವರಿಗೆ ತಿಳಿಯುವುದೇ ಕಡಿಮೆ. ಕೇಕಿನ ವಿಷಯ ಹಾಗಲ್ಲ. ಕುಕ್ಕರಿನ ಗ್ಯಾಸ್ಕೆಟ್ಟು, ವಿಷಲ್ಲು ತೆಗೆದಿಟ್ಟು, ತಳಕ್ಕೆ ಉಪ್ಪು ಹರವಿ, ಅದರ ಮೇಲೊಂದು ಸ್ಟ್ಯಾಂಡು, ಸ್ಟ್ಯಾಂಡಿನ ಮೇಲೆ ಹಿಟ್ಟಿನ ಪಾತ್ರೆ ಇಟ್ಟು ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ಕಾಯಬೇಕು. ಅವಸರಪಟ್ಟು ಮುಚ್ಚಳ ತೆಗೆದರೆ ಉಬ್ಬಿದ್ದು ಕುಸಿಯುತ್ತದೆ. ಕಡ್ಡಿ ಚುಚ್ಚಿ ತೆಗೆದಾಗ ಹಿಟ್ಟು ಅಂಟದಿದ್ದರೆ ಬೆಂದಿದೆ, ಅಂಟಿದರೆ ಇಲ್ಲ. ಇಲ್ಲಿ ಶಿಫಾರಸು ನಡೆಯುವುದಿಲ್ಲ, ಸೇವಾ ಹಿರಿತನ ಲೆಕ್ಕಕ್ಕಿಲ್ಲ. ಮೊದಲಿನಿಂದ ಕೊನೆಯವರೆಗೆ ಕೆಲಸ ಒಬ್ಬರದೇ, ಫಲಿತಾಂಶವೂ ಅವರ ಕಣ್ಣೆದುರೇ.

ಕೇಕು ಪರದೇಶದ್ದಿರಬಹುದು, ಹೀಗೆ ಬೇಯಿಸುವ ಜಾಣ್ಮೆ ಪರದೇಶದ್ದಲ್ಲ. ದಕ್ಷಿಣ ಕನ್ನಡದ ಹವ್ಯಕರ ಕೆಂಡದಡ್ಡೆ ಎಂಬ ತಿಂಡಿಗೆ ಪಾತ್ರೆಯ ಅಡಿಗೂ ಕೆಂಡ, ಮುಚ್ಚಳದ ಮೇಲೂ ಕೆಂಡ. ಸಾಗರ, ಸೊರಬದ ಕಡೆಯ ತೊಡೆದೇವು ಇನ್ನೂ ಸೂಕ್ಷ್ಮ. ಕಬ್ಬಿನ ಹಾಲಿನಲ್ಲಿ ಅಕ್ಕಿ ರುಬ್ಬಿದ ತೆಳು ಹಿಟ್ಟಿಗೆ ಬಟ್ಟೆ ಸುತ್ತಿದ ಕೋಲು ಅದ್ದಿ, ಒಲೆಯ ಮೇಲೆ ಬೋರಲು ಹಾಕಿದ ಮಡಕೆಯ ಬೆನ್ನಿಗೆ ಒಮ್ಮೆ ಬಳಿಯುತ್ತಾರೆ. ಕ್ಷಣದಲ್ಲಿ ಅದು ಕಾಗದದಷ್ಟು ತೆಳ್ಳಗೆ ಒಣಗುತ್ತದೆ. ತುಪ್ಪ ಸವರಿ, ಬಿಸಿಯಿರುವಾಗಲೇ ಎಬ್ಬಿಸಿ ಮಡಿಸಬೇಕು. ತುಸು ತಡವಾದರೆ ಮುರಿಯುತ್ತದೆ. ಮಡಕೆಯ ಕಾವು ಎಷ್ಟಿರಬೇಕು ಎಂದು ಕೇಳಿದರೆ ಬರುವ ಉತ್ತರ ಒಂದೇ: ಹದವಾಗಿರಬೇಕು. ಈ ಹದವೇ ನಿವೃತ್ತರ ಕೈಕೆಲಸದ ಅಳತೆಗೋಲು. ಹಿಂದೆ ಕೆಲಸವನ್ನು ಗಡಿಯಾರ ಮತ್ತು ಸಂಬಳ ಅಳೆಯುತ್ತಿದ್ದವು, ಈಗ ಹದ ಅಳೆಯುತ್ತದೆ. ಸುಖ ಬರುವುದು ಕೆಲಸ ತಪ್ಪಿದ್ದರಿಂದಲ್ಲ, ಅದರ ಅಳತೆ ಬದಲಾದದ್ದರಿಂದ.

ಸಾಗರ, ಸೊರಬ, ಶಿಕಾರಿಪುರದ ಸೀಮೆಗೆ ಕೈಕೆಲಸದ ಎರಡು ಪರಂಪರೆಗಳಿವೆ. ಒಂದು ವೃತ್ತಿಯವರದು. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಿಂದ ಹೋದ ದಾಸೋಜ ಮತ್ತು ಅವನ ಮಗ ಚಾವಣ 12ನೇ ಶತಮಾನದಲ್ಲಿ ಬೇಲೂರಿನ ಮದನಿಕೆಯರನ್ನು ಕೆತ್ತಿದವರಲ್ಲಿ ಸೇರಿದ್ದಾರೆ. ವಿಗ್ರಹಗಳ ಕೆಳಗೆ ಹೆಸರು ಕೆತ್ತಿದ್ದಾರೆ, ಬಿರುದುಗಳನ್ನೂ ಬಿಟ್ಟಿಲ್ಲ. ಸೊರಬ, ಸಾಗರದ ಗುಡಿಗಾರರ ಗಂಧದ ಕೆತ್ತನೆಯೂ ಇದೇ ಸಾಲಿನದು. ಇಲ್ಲಿ ಹೆಸರು, ಪೈಪೋಟಿ, ಬೆಲೆ ಎಲ್ಲವೂ ಇವೆ, ಅದು ನ್ಯಾಯವೇ.

ಇನ್ನೊಂದು ಮನೆಯದು. ಭೂಮಿ ಹುಣ್ಣಿಮೆ ಹಬ್ಬಕ್ಕೆ ದೀವರ ಸಮುದಾಯದ ಹೆಂಗಸರು ಬಿದಿರಿನ ಬುಟ್ಟಿಗೆ ಸಗಣಿ ಬಳಿದು, ಮೇಲೆ ಕೆಮ್ಮಣ್ಣು ಹಚ್ಚಿ, ಒಣಗಿದ ಮೇಲೆ ಪುಂಡಿ ನಾರಿನ ಕುಂಚದಿಂದ ಅಕ್ಕಿ ಹಿಟ್ಟಿನ ಬಿಳಿ ಎಳೆಗಳನ್ನು ಎಳೆಯುತ್ತಾರೆ. ಎಳೆ ನಡುಗುವಂತಿಲ್ಲ. ರಾತ್ರಿಯೆಲ್ಲ ಅಡುಗೆ ಮಾಡಿ, ಆ ಭೂಮಣ್ಣಿ ಬುಟ್ಟಿಯಲ್ಲಿ ಹೊತ್ತು ಗದ್ದೆಗೆ ಹೋಗಿ, ಬಸುರಿಯಾದ ಭೂಮಿತಾಯಿಗೆ ಉಣಬಡಿಸುತ್ತಾರೆ. ಬುಟ್ಟಿಯ ಮೇಲೆ ಯಾರ ಸಹಿಯೂ ಇಲ್ಲ, ಹಾಗೆಂದು ಕೆಲಸದಲ್ಲಿ ಸಡಿಲವೂ ಇಲ್ಲ. ಬೆಲೆ ಕಟ್ಟದ ಕೆಲಸದಲ್ಲಿ ಗುಣಮಟ್ಟ ಉಳಿಯುವುದಿಲ್ಲ ಎನ್ನುವವರು ಈ ಬುಟ್ಟಿಯನ್ನೊಮ್ಮೆ ನೋಡಬೇಕು.

ನಿವೃತ್ತರು ಯಾವ ದಾರಿ ಹಿಡಿಯಬೇಕು? ಇಂದಿನ ಸಲಹೆ ಸಿದ್ಧವಾಗಿಯೇ ಇರುತ್ತದೆ: ಇಷ್ಟು ಚೆನ್ನಾಗಿ ಮಾಡ್ತೀರಿ, ಆರ್ಡರ್ ತಗೊಳ್ಳಿ, ಯೂಟ್ಯೂಬಿಗೆ ಹಾಕಿ. ಪಿಂಚಣಿ ಸಾಲದವರಿಗೆ, ಪಿಂಚಣಿಯೇ ಇಲ್ಲದವರಿಗೆ ಇದು ಒಳ್ಳೆಯ ಮಾತು. ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ ಮಾರಿ ಎಷ್ಟೋ ಸಂಸಾರಗಳು ನಡೆದಿವೆ. ಆದರೆ ಹೊಟ್ಟೆಪಾಡಿನ ಒತ್ತಡ ಇಲ್ಲದವರಿಗೆ ಇದು ಬಿಟ್ಟುಬಂದ ಗಡಿಯಾರವನ್ನು ಮತ್ತೆ ಕೈಗೆ ಕಟ್ಟುವ ಸಲಹೆ. ಮಾರುವುದಕ್ಕೂ ಮನೆಯಲ್ಲೇ ಇಟ್ಟುಕೊಳ್ಳುವುದಕ್ಕೂ ನಡುವೆ ಕೊಡುವುದು ಎಂಬುದೊಂದಿದೆ. ಅಲ್ಲಮನ ಬಳ್ಳಿಗಾವಿಯೂ ಅಕ್ಕಮಹಾದೇವಿಯ ಉಡುತಡಿಯೂ ಇರುವ ಶಿಕಾರಿಪುರ ತಾಲ್ಲೂಕಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಶರಣರು ಕಾಯಕದ ಬೆನ್ನಿಗೇ ದಾಸೋಹವನ್ನು ಇಟ್ಟರು. ಪಕ್ಕದ ಮನೆಗೆ ಹೋದ ಕೇಕಿನ ಡಬ್ಬಿ ಖಾಲಿ ಬರುವುದಿಲ್ಲ, ಚಕ್ಕುಲಿಯನ್ನೋ ಬಸಳೆ ಸೊಪ್ಪನ್ನೋ ತುಂಬಿಕೊಂಡು ಬರುತ್ತದೆ. ಬೇಕರಿಯಲ್ಲಿ ಇದಕ್ಕಿಂತ ಅಗ್ಗಕ್ಕೆ ಸಿಗುತ್ತಿತ್ತಲ್ಲ ಎಂಬ ಪ್ರಶ್ನೆ ಅಲ್ಲಿಗೆ ಬಿದ್ದುಹೋಗುತ್ತದೆ.

ಬಿದ್ದುಹೋಗದ ಆಕ್ಷೇಪ ಒಂದಿದೆ. ನಿವೃತ್ತಿ ಎಂಬುದು ಸಂಬಳ ತಂದವರಿಗೆ ಮಾತ್ರ. ನಲವತ್ತು ವರ್ಷ ಒಲೆ ಮುಂದೆ ನಿಂತ ಹೆಂಗಸಿಗೆ ಬೀಳ್ಕೊಡುಗೆ ಸಮಾರಂಭವಿಲ್ಲ. ಗಂಡ ಹೊಸದಾಗಿ ಕಂಡುಕೊಂಡ ‘ಅಡುಗೆಯ ಆನಂದ’ ಆಕೆಯ ಪಾಲಿಗೆ ದಿನದ ಮೂರು ಹೊತ್ತಿನ ಜವಾಬ್ದಾರಿ. ಕೆಲಸ ಒಂದೇ, ಒಬ್ಬರಿಗೆ ಸುಖ, ಇನ್ನೊಬ್ಬರಿಗೆ ದಣಿವು. ವ್ಯತ್ಯಾಸ ಕೆಲಸದಲ್ಲಿಲ್ಲ, ‘ಇವತ್ತು ಬೇಡ’ ಎನ್ನುವ ಅವಕಾಶದಲ್ಲಿದೆ. ಕೇಕ್ ಮಾಡಿದವರು ಹೊಗಳಿಕೆ ಪಡೆದು, ಜಿಡ್ಡಿನ ಪಾತ್ರೆ ಮನೆಯಾಕೆಗೆ ಬಿಟ್ಟರೆ ಅದು ಹವ್ಯಾಸವಲ್ಲ, ಹಳೆಯ ದರ್ಬಾರಿನ ಮುಂದುವರಿಕೆ.

ಆದ್ದರಿಂದ ನಿವೃತ್ತರು ಮೊದಲು ಕಲಿಯಬೇಕಾದ್ದು ಕೇಕೇ ಆಗಬೇಕಿಲ್ಲ. ಅನ್ನ, ಸಾರು, ಪಲ್ಯದಿಂದ ಶುರುಮಾಡಬಹುದು. ವಾರದಲ್ಲಿ ಎರಡು ದಿನ ಅಡುಗೆಮನೆಯನ್ನು ಪಾತ್ರೆ ತೊಳೆಯುವುದರ ಸಮೇತ ವಹಿಸಿಕೊಂಡರೆ, ಆಕೆಗೂ ಬುಟ್ಟಿಗೆ ಬಣ್ಣ ಬಳಿಯುವ, ಹೊಲಿಗೆ ಹಾಕುವ, ಅಥವಾ ಏನನ್ನೂ ಮಾಡದೆ ಕೂರುವ ಸ್ವಾತಂತ್ರ್ಯ ಸಿಗುತ್ತದೆ. ಸರಳ ಸುಖ ಎಂದು ನಾವು ಕರೆಯುವುದು ಸರಳವಾಗಿ ಬರುವಂಥದ್ದಲ್ಲ. ಅದಕ್ಕೆ ಹದದ ಶಿಸ್ತು ಬೇಕು, ತಿನ್ನುವ ಇನ್ನೊಬ್ಬರು ಬೇಕು, ಮತ್ತು ಒಬ್ಬರ ಬಿಡುವಿಗೆ ಮತ್ತೊಬ್ಬರು ದುಡಿದು ಬೆಲೆ ತೆರದಂಥ ಮನೆ ಬೇಕು.